ಸ್ಕಾಟ್ಲೆಂಡ್ಸ್‌ಪೀಪಲ್: ಮನೆತನ ಸಿಕ್ಕೀತು, ದಂಡು ಸಿಗದು

ಸ್ಕಾಟ್ಲೆಂಡಿನ ರಾಷ್ಟ್ರೀಯ ದಾಖಲೆಗಳ ಸಂಸ್ಥೆ ನಡೆಸುವ ಈ ಜಾಲತಾಣವನ್ನು ವರ್ಷಗಟ್ಟಲೆ ಬಳಸಿದ ಮೇಲಿನ ತೀರ್ಮಾನ ಇದು. ವಂಶಾವಳಿ ಕಟ್ಟಲು ಐದಕ್ಕೆ ನಾಲ್ಕೂವರೆ ಅಂಕ, ಪೂರ್ವಜನ ಸೈನಿಕ ಸೇವೆ ತಿಳಿಯಲು ಎರಡೇ. ಸ್ಕಾಟಿಷ್ ರೆಜಿಮೆಂಟ್ ಆದರೂ ಅದು ಬ್ರಿಟಿಷ್ ಸೈನ್ಯದ್ದು. ಹಾಗಾಗಿ ಸೇವಾ ಕಡತಗಳು ಎಡಿನ್‌ಬರೊದಲ್ಲಿಲ್ಲ, ಲಂಡನ್ನಿನ ಕ್ಯೂ ಬಡಾವಣೆಯ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ. ಇದು ತಿಳಿಯದೆ ದುಡ್ಡು ಕಟ್ಟಿದವರೇ ಕೊನೆಗೆ ತಾಣವನ್ನು ಬೈಯುವುದು.

ದುಡ್ಡಿನ ಮಾತು ಮೊದಲು. ವಾರ್ಷಿಕ ಚಂದಾ ಇಲ್ಲ. ಖಾತೆ ತೆರೆದು ಸೂಚಿಯಲ್ಲಿ ಹುಡುಕುವುದು ಉಚಿತ, ಮೂಲ ಪುಟದ ಚಿತ್ರ ತೆರೆಯಲು ಮಾತ್ರ ಕ್ರೆಡಿಟ್ ಬೇಕು. 30 ಕ್ರೆಡಿಟ್‌ಗೆ 7.50 ಪೌಂಡ್. ಜನನ, ಮದುವೆ, ಮರಣ, ಜನಗಣತಿ ಪುಟಕ್ಕೆ ತಲಾ 6, ಉಯಿಲಿಗೆ 10. ಕೊಂಡ ಚಿತ್ರ ಖಾತೆಯಲ್ಲೇ ಉಳಿಯುತ್ತದೆ. ಕ್ರೆಡಿಟ್‌ಗೆ ಎರಡು ವರ್ಷದ ಗಡುವಿದೆ, ಆದ್ದರಿಂದ ಮೂಟೆಗಟ್ಟಲೆ ಕೊಳ್ಳಬೇಡಿ. ಜನನಕ್ಕೆ 100, ಮದುವೆಗೆ 75, ಮರಣಕ್ಕೆ 50 ವರ್ಷ ಕಳೆಯುವವರೆಗೆ ಚಿತ್ರ ಆನ್‌ಲೈನಿನಲ್ಲಿ ತೆರೆಯುವುದಿಲ್ಲ.

ಶುರು ಮಾಡಬೇಕಾದ್ದು ಮರಣ ದಾಖಲೆಯಿಂದ. ಕಡ್ಡಾಯ ನೋಂದಣಿ ಆರಂಭವಾದದ್ದು 1855ರ ಜನವರಿ 1ರಂದು. ಇಂಗ್ಲೆಂಡಿನ ಹಳೆಯ ಮರಣ ಪತ್ರದಲ್ಲಿ ಸತ್ತವನ ತಾಯಿಯ ಹೆಸರು ಸಿಗದು. ಸ್ಕಾಟ್ಲೆಂಡಿನದರಲ್ಲಿ ತಂದೆಯ ಹೆಸರು, ಕಸುಬು, ತಾಯಿಯ ತವರಿನ ಹೆಸರು ಎಲ್ಲವಕ್ಕೂ ಕಲಮುಗಳಿವೆ. ಒಂದೇ ಪುಟಕ್ಕೆ ಒಂದು ತಲೆಮಾರು ಹಿಂದಕ್ಕೆ ಹೋಗಬಹುದು. ಆದರೆ ಆ ವಿವರ ಕೊಟ್ಟವರು ಅಳಿಯನೋ ನೆರೆಯವನೋ ಆಗಿದ್ದರೆ ತಪ್ಪಿರುವುದುಂಟು, ಮಾಹಿತಿದಾರನ ಸಹಿ ನೋಡದೆ ನಂಬಬೇಡಿ. ಮದುವೆಯಾದ ಹೆಂಗಸರನ್ನು ತವರಿನ ಹೆಸರಲ್ಲೂ ಗಂಡನ ಹೆಸರಲ್ಲೂ ಹುಡುಕಬಹುದು ಎಂಬುದು ದೊಡ್ಡ ಅನುಕೂಲ. 1855ರ ಒಂದೇ ವರ್ಷದ ಪತ್ರಗಳಲ್ಲಿ ಹೆತ್ತವರ ವಯಸ್ಸು, ಹುಟ್ಟೂರಿನಂಥ ಹೆಚ್ಚುವರಿ ವಿವರಗಳಿವೆ. ಬರೆಯುವವರಿಗೆ ಹೊರೆಯಾಯಿತೆಂದು ಮರುವರ್ಷವೇ ಕೈಬಿಟ್ಟರು. ನಿಮ್ಮವರಲ್ಲಿ ಯಾರಾದರೂ ಆ ವರ್ಷ ಹುಟ್ಟಿದ್ದರೆ, ಮದುವೆಯಾಗಿದ್ದರೆ ಅಥವಾ ತೀರಿದ್ದರೆ ಆ ಪುಟಕ್ಕೇ ಮೊದಲ 6 ಕ್ರೆಡಿಟ್ ಕೊಡಿ.

ಕಸುಬಿನ ಕಲಮಿನಲ್ಲಿ ‘ಚೆಲ್ಸಿ ಪೆನ್ಷನರ್’ (ಸೈನ್ಯದ ಪಿಂಚಣಿ ಪಡೆದವನು) ಎಂದೋ ‘42ನೇ ರೆಜಿಮೆಂಟ್’ ಎಂದೋ ಕಂಡರೆ ಅಲ್ಲಿಂದ ದಾರಿ ಕ್ಯೂ ಕಡೆಗೆ. ಪಿಂಚಣಿ ಪಡೆದು ಬಿಡುಗಡೆಯಾದವರ ಕಾಗದಗಳು ಡಬ್ಲ್ಯೂಓ (ವಾರ್ ಆಫೀಸ್, ಅಂದರೆ ಯುದ್ಧ ಇಲಾಖೆ) 97 ಸರಣಿಯಲ್ಲಿವೆ. ಹುಟ್ಟಿದ ಪ್ಯಾರಿಷ್ (ಒಂದು ಚರ್ಚಿನ ವ್ಯಾಪ್ತಿಯ ಊರು), ಸೇರಿದಾಗಿನ ವಯಸ್ಸು, ಚಹರೆ ಎಲ್ಲವೂ ಸಿಗುತ್ತವೆ. 1883ಕ್ಕೆ ಮುಂಚೆ ಸೇವೆಯಲ್ಲೇ ಸತ್ತವರು ಇದರಲ್ಲಿಲ್ಲ. ಅವರಿಗೆ ಡಬ್ಲ್ಯೂಓ 12ರ ಹಾಜರಿ ಮತ್ತು ಸಂಬಳದ ಪಟ್ಟಿಗಳೇ ಗತಿ, ಅವು ರೆಜಿಮೆಂಟ್‌ವಾರು ಇರುವುದರಿಂದ ರೆಜಿಮೆಂಟ್ ಗೊತ್ತಿಲ್ಲದೆ ತೆರೆದು ಪ್ರಯೋಜನವಿಲ್ಲ.

ಇಲ್ಲೊಂದು ದೊಡ್ಡ ಹಳ್ಳ ಇದೆ: ರೆಜಿಮೆಂಟ್ ಸಂಖ್ಯೆ. 1780ರಲ್ಲಿ ಪೊಲ್ಲಿಲೂರಿನಲ್ಲಿ ಹೈದರನ ಸೈನ್ಯಕ್ಕೆ ಸೆರೆ ಸಿಕ್ಕು ಶ್ರೀರಂಗಪಟ್ಟಣದಲ್ಲಿ 1784ರವರೆಗೆ ಬಂದಿಯಾಗಿದ್ದ ಡೇವಿಡ್ ಬೇರ್ಡ್ 73ನೇ ಹೈಲ್ಯಾಂಡರ್ಸ್‌ನ ಕ್ಯಾಪ್ಟನ್. 1799ರ ಮೇ 4ರಂದು ಅದೇ ಬೇರ್ಡ್ ನಡೆಸಿದ ದಾಳಿಯಲ್ಲೂ 73ನೇ ರೆಜಿಮೆಂಟ್ ಇತ್ತು. ಎರಡೂ ಒಂದೇ ಅಲ್ಲ! ಮೊದಲನೆಯದು 1786ರಲ್ಲಿ 71 ಎಂಬ ಸಂಖ್ಯೆ ಪಡೆದು ಮುಂದೆ ಹೈಲ್ಯಾಂಡ್ ಲೈಟ್ ಇನ್‌ಫೆಂಟ್ರಿ ಆಯಿತು. ಖಾಲಿಯಾದ 73 ಅದೇ ವರ್ಷ 42ನೆಯದರ, ಅಂದರೆ ಬ್ಲ್ಯಾಕ್ ವಾಚ್‌ನ ಎರಡನೇ ಬೆಟಾಲಿಯನ್ನಿಗೆ ಹೋಯಿತು. ವರ್ಷ ನೋಡದೆ ಸಂಖ್ಯೆಯೊಂದನ್ನೇ ಹಿಡಿದು ಹೊರಟರೆ ಬೇರೆಯವರ ಅಜ್ಜನ ಕಥೆ ನಿಮ್ಮ ವಂಶವೃಕ್ಷ ಹತ್ತುತ್ತದೆ. 1881ರಲ್ಲಿ ಸಂಖ್ಯೆಗಳು ಹೋಗಿ ಹೆಸರುಗಳು ಬಂದವು: 72 ಮತ್ತು 78 ಸೇರಿ ಸೀಫೋರ್ತ್, 75 ಮತ್ತು 92 ಸೇರಿ ಗಾರ್ಡನ್, 91 ಮತ್ತು 93 ಸೇರಿ ಆರ್ಗೈಲ್ ಅಂಡ್ ಸದರ್‌ಲ್ಯಾಂಡ್.

ಮೊದಲ ಮಹಾಯುದ್ಧದ ಸೈನಿಕರ ವಿಷಯದಲ್ಲಿ ಕ್ಯೂ ಕೂಡ ಅರ್ಧ ಬರಿಗೈ. 1940ರ ಸೆಪ್ಟೆಂಬರ್‌ನಲ್ಲಿ ಬಾಂಬಿನ ಬೆಂಕಿಗೆ ಸಾಮಾನ್ಯ ಸೈನಿಕರ ಕಡತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸುಟ್ಟುಹೋದವು, ಉಳಿದವು ಡಬ್ಲ್ಯೂಓ 363ರಲ್ಲಿವೆ. ಸ್ಕಾಟ್ಲೆಂಡ್ಸ್‌ಪೀಪಲ್ ಸೈನಿಕರ ವಿಷಯದಲ್ಲಿ ತನ್ನ ಬೆಲೆ ತೋರಿಸುವುದು ಇಲ್ಲಿಯೇ. ಸೈನಿಕರ ಮತ್ತು ವಾಯುಪಡೆಯವರ ಸುಮಾರು 31,000 ಉಯಿಲುಗಳು ಇದರಲ್ಲಿವೆ, ಅವುಗಳಲ್ಲಿ 26,000 ಈ ಯುದ್ಧದವೇ. ಹಲವು ಸಂಬಳದ ಪುಸ್ತಕದಿಂದ ತೆಗೆದ ಒಂದೇ ಹಾಳೆ: ಎಲ್ಲವೂ ತಾಯಿಗೆ ಎಂಬ ಒಂದೆರಡು ಸಾಲು, ಕೆಳಗೆ ಸಹಿ. ಸಂಶೋಧಕರಿಗೆ ಬೇಕಾದ್ದು ಆ ತಾಯಿಯ ವಿಳಾಸ, ಅದನ್ನು ಹಿಡಿದು 1911ರ ಜನಗಣತಿಯಲ್ಲಿ ಇಡೀ ಮನೆ ಸಿಗಬಹುದು. ರಣರಂಗದಲ್ಲಿ ಸತ್ತವರನ್ನು ಊರಿನ ಮರಣ ಪುಸ್ತಕದಲ್ಲಿ ಹುಡುಕಿ ಸೋಲಬೇಡಿ. ‘ಮೈನರ್ ರೆಕಾರ್ಡ್ಸ್’ ಎಂಬ ಆಯ್ಕೆಯಲ್ಲಿ ಯುದ್ಧದ ಮರಣಗಳು ಬೇರೆಯಾಗಿವೆ. ಆ ದಾಖಲೆಯಲ್ಲಿ ಹುದ್ದೆ, ಸೇವಾ ಸಂಖ್ಯೆ ಇರುತ್ತವೆ, ಹೆತ್ತವರ ಹೆಸರು ಇರುವುದಿಲ್ಲ. ಆದ್ದರಿಂದ ಮೊದಲು ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಉಚಿತ ಪಟ್ಟಿಯಲ್ಲಿ ಸೇವಾ ಸಂಖ್ಯೆ ಗಟ್ಟಿ ಮಾಡಿಕೊಳ್ಳಿ, ಆಮೇಲೆ ಕ್ರೆಡಿಟ್ ಖರ್ಚು ಮಾಡಿ.

1855ಕ್ಕೆ ಹಿಂದಿನ ಪ್ಯಾರಿಷ್ ಪುಸ್ತಕಗಳು ತೂತು ಬಿದ್ದ ಜರಡಿ. 1783ರಿಂದ 1794ರವರೆಗೆ ಪ್ರತಿ ನಮೂದಿಗೆ 3 ಪೆನ್ಸ್ ತೆರಿಗೆಯಿದ್ದುದರಿಂದ ಬಡವರು ಬರೆಸಲೇ ಇಲ್ಲ. ಟಿಪ್ಪುವಿನ ಎದುರು ನಿಂತವರ ಮಕ್ಕಳು ಇದೇ ಸಂದಿಯಲ್ಲಿ ಕಳೆದುಹೋಗುತ್ತಾರೆ. ಮ್ಯಾಕ್ ಹೆಸರುಗಳಿಗೆ ಎಂ ಅಕ್ಷರದ ಮುಂದೆ ನಕ್ಷತ್ರ ಚಿಹ್ನೆ ಹಾಕಿ ಉಳಿದದ್ದನ್ನು ಬರೆಯಿರಿ. ಮ್ಯಾಕ್ ಅನ್ನು ಪೂರ್ತಿ ಬರೆದವರೂ ಮೊಟಕುಗೊಳಿಸಿದವರೂ ಒಟ್ಟಿಗೆ ಬರುತ್ತಾರೆ. 1841ರ ಗಣತಿಯಲ್ಲಿ 15 ದಾಟಿದವರ ವಯಸ್ಸನ್ನು ಸಾಮಾನ್ಯವಾಗಿ ಐದರ ಗುಣಕಕ್ಕೆ ಇಳಿಸಿ ಬರೆದಿದ್ದಾರೆ, 34ರವನು 30 ಎಂದೇ ಕಾಣುತ್ತಾನೆ.

ಬೆಂಗಳೂರು ದಂಡಿನಲ್ಲಿದ್ದ ಸ್ಕಾಟ್ ಸೈನಿಕ ಅಲ್ಲೇ ಮದುವೆಯಾಗಿ ಮಕ್ಕಳನ್ನು ಪಡೆದಿದ್ದರೆ ಈ ತಾಣಕ್ಕಿಂತ ಮೊದಲು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ ಮದರಾಸಿನ ಎನ್/2 ಸರಣಿ ನೋಡಿ. ಅದರ ಚಿತ್ರಗಳು ಫೈಂಡ್‌ಮೈಪಾಸ್ಟ್ ಎಂಬ ವಂಶಾವಳಿ ಜಾಲತಾಣದಲ್ಲಿವೆ. ಅವು ಪಾದ್ರಿಗಳು ಲಂಡನ್ನಿಗೆ ಕಳಿಸಿದ ಪ್ರತಿಗಳು. ಪ್ರತಿ ಹೋಗದಿದ್ದರೆ ಮೂಲ ಚರ್ಚಿನ ಪುಸ್ತಕವನ್ನೇ ಹುಡುಕಬೇಕು.