ಲೆಮ್ಮಿ: ನಿಷೇಧಕ್ಕೆ ದಾಖಲೆಯಿದೆ, ನಂಟು ಕಡಿದರೆ ಸುದ್ದಿಯಿಲ್ಲ

ಲೆಮ್ಮಿ ರೆಡ್ಡಿಟ್‌ನಂಥ ಚರ್ಚಾತಾಣ; ಬೇರೆಬೇರೆಯವರು ನಡೆಸುವ, ಒಂದಕ್ಕೊಂದು ನಂಟಿರುವ ಹಲವು ಸರ್ವರ್‌ಗಳಲ್ಲಿ ಅದರ ಸಮುದಾಯಗಳು ಹರಡಿಕೊಂಡಿವೆ. ಅದನ್ನು ತೆರೆದ ಕೂಡಲೇ ನಾನು ಓದುವುದು ಹೊಸ ಪೋಸ್ಟ್‌ಗಳನ್ನಲ್ಲ, ಸಮುದಾಯಗಳನ್ನು ನೋಡಿಕೊಳ್ಳುವ ಮಾಡರೇಟರ್‌ಗಳ ಕ್ರಮಗಳು ದಾಖಲಾಗುವ ಮಾಡ್‌ಲಾಗನ್ನು. ಯಾವ ಪೋಸ್ಟನ್ನು ತೆಗೆದರು, ಯಾರನ್ನು ಎಷ್ಟು ದಿನಕ್ಕೆ ಬ್ಯಾನ್ ಮಾಡಿದರು, ಏಕೆ ಎಂಬುದೆಲ್ಲ ಅಲ್ಲಿ ಬಹಿರಂಗವಾಗಿರುತ್ತದೆ. ಕಾರಣದ ಜಾಗವನ್ನು ಕೆಲವು ಮಾಡರೇಟರ್‌ಗಳು ಖಾಲಿ ಬಿಡುತ್ತಾರೆ; ಕೆಲವರು ನಿಯಮದ ಸಂಖ್ಯೆ ಬರೆದು ಮುಗಿಸುತ್ತಾರೆ; ಇನ್ನು ಕೆಲವರು ತಾಳ್ಮೆಗೆಟ್ಟ ಮೇಷ್ಟ್ರಂತೆ ಉದ್ದುದ್ದ ಬರೆಯುತ್ತಾರೆ. ಕ್ರಮ ಕೈಗೊಂಡವರ ಹೆಸರು ಹಲವು ಸರ್ವರ್‌ಗಳಲ್ಲಿ ನಮಗೆ ಕಾಣದು. ಅವರಿಗೆ ಕಿರುಕುಳ ತಪ್ಪುವುದಾದರೆ ಅದೂ ಸರಿಯೇ. ಒಂದು ಸಮುದಾಯದ ಸ್ವಭಾವ ಅದರ ನಿಯಮಾವಳಿಗಿಂತ ಈ ದಾಖಲೆಯಲ್ಲಿ ಬೇಗ ಗೊತ್ತಾಗುತ್ತದೆ.

ನಿಷೇಧದ ವ್ಯಾಪ್ತಿಯೂ ಸ್ಪಷ್ಟವಾಗಿದೆ. ಸಮುದಾಯದ ಮಾಡರೇಟರ್ ಹೊರಹಾಕಿದರೆ ಆ ಸಮುದಾಯವೊಂದೇ ಮುಚ್ಚುತ್ತದೆ. ಬೇರೊಂದು ಸರ್ವರನ್ನು ನಡೆಸುವ ಅಡ್ಮಿನ್ ನಿಷೇಧಿಸಿದರೆ ಅಲ್ಲಿನ ಸಮುದಾಯಗಳೆಲ್ಲ ಕೈತಪ್ಪುತ್ತವೆ, ಉಳಿದ ಕಡೆ ಅಡ್ಡಿಯಿಲ್ಲ. ನಾವು ಖಾತೆ ತೆರೆದ ಸರ್ವರಿನ ಅಡ್ಮಿನ್ನೇ ನಿಷೇಧಿಸಿದರೆ ಮಾತ್ರ ಆ ಖಾತೆ ಎಲ್ಲಿಯೂ ಉಪಯೋಗಕ್ಕೆ ಬಾರದು.

ನನ್ನ ತಕರಾರು ಇರುವುದು ಡಿಫೆಡರೇಶನ್, ಅಂದರೆ ಒಂದು ಸರ್ವರ್ ಇನ್ನೊಂದರ ನಂಟನ್ನೇ ಕಡಿದುಕೊಳ್ಳುವುದರ ಬಗ್ಗೆ. ನಾನು ದಿನವೂ ಬರೆಯುತ್ತಿದ್ದ ಸಮುದಾಯವೊಂದರ ಸರ್ವರ್ ನಮ್ಮ ಸರ್ವರಿನ ನಂಟನ್ನು ಕಡಿದುಕೊಂಡಿತು. ಆ ಸಮುದಾಯದ ಪ್ರತಿ ನಮ್ಮಲ್ಲಿ ಉಳಿದಿದ್ದರಿಂದ ನಾನು ಎಂದಿನಂತೆ ಬರೆಯುತ್ತಲೇ ಹೋದೆ. ನನ್ನ ಉತ್ತರಗಳು ನನಗೆ ಕಾಣುತ್ತಿದ್ದವು, ನಮ್ಮ ಸರ್ವರಿನವರ ಮತಗಳೂ ಬೀಳುತ್ತಿದ್ದವು, ಆದರೆ ಅವು ಆಚೆಯವರಿಗೆ ತಲುಪುತ್ತಲೇ ಇರಲಿಲ್ಲ. ಒಂದು ಸೂಚನೆಯೂ ಬರಲಿಲ್ಲ, ನಮ್ಮ ಮಾಡ್‌ಲಾಗಿನಲ್ಲಿ ಸುಳಿವೂ ಇರಲಿಲ್ಲ. ಒಬ್ಬನನ್ನು ಹೊರಹಾಕಿದರೆ ಕಾರಣಸಹಿತ ದಾಖಲಿಸುವ ತಂತ್ರಾಂಶ, ಸಾವಿರಾರು ಜನರನ್ನು ಒಟ್ಟಿಗೆ ಹೊರಗಿಟ್ಟಾಗ ಅವರಿಗೆ ಏನನ್ನೂ ಹೇಳುವುದಿಲ್ಲ.

ಆಗ ಅಡ್ಮಿನ್‌ಗಳ ಮೇಲೆ ಬಂದ ಸಿಟ್ಟು ಈಗ ಹೆಚ್ಚು ಉಳಿದಿಲ್ಲ. 2023ರ ಜೂನ್‌ನಲ್ಲಿ ರೆಡ್ಡಿಟ್ ತೊರೆದವರು ಗುಂಪುಗುಂಪಾಗಿ ಬಂದಾಗ ಬೀಹಾ ಎಂಬ ಸರ್ವರ್, ಯಾರು ಬೇಕಾದರೂ ಖಾತೆ ತೆರೆಯಬಹುದಾಗಿದ್ದ ಲೆಮ್ಮಿ.ವರ್ಲ್ಡ್ ಸೇರಿದಂತೆ ಎರಡು ದೊಡ್ಡ ಸರ್ವರ್‌ಗಳ ನಂಟು ಕಡಿದಿತ್ತು. ಅಷ್ಟು ಜನರನ್ನು ಸಂಭಾಳಿಸಲು ಮಾಡರೇಟರ್‌ಗಳೂ ಸಾಲದು, ಸಾಧನಗಳೂ ಸಾಲವು ಎಂಬುದು ಅವರು ಕೊಟ್ಟ ಕಾರಣ. ಆ ಮಾತಿನಲ್ಲಿ ಹುರುಳಿದೆ. ಹೀಗೆಯೇ ಹಲವು ಸರ್ವರ್‌ಗಳಲ್ಲಿ ನಡೆಯುವ, ಟ್ವಿಟರ್‌ನಂಥ ಮ್ಯಾಸ್ಟೊಡಾನ್‌ನಲ್ಲಿ ಒಂದು ಸರ್ವರನ್ನು ಪೂರ್ತಿ ತಡೆಯದೆ, ಅದರ ಪೋಸ್ಟ್‌ಗಳನ್ನು ಸಾರ್ವಜನಿಕ ಪಟ್ಟಿಯಿಂದ ಮರೆಮಾಡಿ ಹಿಂಬಾಲಕರಿಗಷ್ಟೇ ತೋರಿಸುವ ನಡುವಿನ ದಾರಿಯಿದೆ; ನಮ್ಮ ಅಡ್ಮಿನ್ ಬೇರೆ ಸರ್ವರನ್ನು ತಡೆದು ನಮ್ಮ ಹಿಂಬಾಲಕರು ಕಳೆದುಹೋದರೆ, 2024ರ 4.3 ಆವೃತ್ತಿಯಿಂದ ಅದರ ಸೂಚನೆಯೂ ಬರುತ್ತದೆ. ಪುಕ್ಕಟೆಯಾಗಿ ದುಡಿಯುವ ಲೆಮ್ಮಿ ಅಡ್ಮಿನ್‌ಗಳಿಗೆ ಅಂಥ ನಡುವಿನ ದಾರಿಯನ್ನು ತಂತ್ರಾಂಶವೇ ಕೊಟ್ಟಿಲ್ಲ.

ಹೊಸಬರು ಖಾತೆ ತೆರೆಯುವ ಮುನ್ನ ಸರ್ವರಿನ 'ಇನ್‌ಸ್ಟೆನ್ಸಸ್' ಪುಟವನ್ನು ನೋಡಿಕೊಳ್ಳಬೇಕು. ಆ ಸರ್ವರ್ ಯಾರನ್ನು ತಡೆದಿದೆ ಎಂಬ ಪಟ್ಟಿ ಅಲ್ಲಿರುತ್ತದೆ. ಆ ಸರ್ವರನ್ನು ಯಾರು ತಡೆದಿದ್ದಾರೆಂದು ತಿಳಿಯಲು ಮಾತ್ರ ಉಳಿದವರ ಪಟ್ಟಿಗಳನ್ನೂ ತೆರೆಯಬೇಕು. ನಾನು ಸಣ್ಣ ಸರ್ವರೊಂದರಲ್ಲಿ ಎರಡನೆಯ ಖಾತೆಯನ್ನು ಇಟ್ಟುಕೊಂಡಿದ್ದೇನೆ. ಚಂದಾ ಪಟ್ಟಿಯನ್ನು ರಫ್ತು ಮಾಡಿ ಅಲ್ಲಿಗೆ ತರುವುದು ಸುಲಭ, ಹಳೆಯ ಪೋಸ್ಟ್‌ಗಳು ಮಾತ್ರ ಬರುವುದಿಲ್ಲ. ಐದರಲ್ಲಿ ಮೂರೂವರೆ ಅಂಕ; ಅದರಲ್ಲಿ ಎರಡು ಮಾಡ್‌ಲಾಗಿಗೇ ಸಲ್ಲಬೇಕು.