ರಿಪಲ್ ಕ್ಯಾರಿನಾ, ಕೊಗ್ಗೆ-ಸ್ಟೋನಾ? ಬ್ಯಾಟರಿ ಉಳೀಬೇಕಂದ್ರೆ ಯಾವ ಆ್ಯಡರ್
ದಾವಣಗೆರೆಲಿ ವಿಎಲ್‌ಎಸ್‌ಐ (ಚಿಪ್ ವಿನ್ಯಾಸ) ಪ್ರಾಜೆಕ್ಟ್ ಮಾಡೋ ಹುಡುಗ್ರಿಗೆ ಹೇಳ್ತಿದೀನಿ. ಆ್ಯಡರ್ ಅಂದ್ರೆ ಚಿಪ್‌ನಲ್ಲಿ ಎರಡು ಸಂಖ್ಯೆ ಕೂಡೋ ಸರ್ಕ್ಯೂಟ್; ರಿಪಲ್ ಕ್ಯಾರಿ, ಕೊಗ್ಗೆ-ಸ್ಟೋನ್ ಅದರ ಎರಡು ನಮೂನೆ. ಚನ್ನಗಿರಿ ಕಡೆ ಅಡಿಕೆ ತೋಟದ ತೇವ ಅಳೆಯೋ ಸೆನ್ಸರ್ ಚಿಪ್ ಆದ್ರೆ ರಿಪಲ್ ಕ್ಯಾರಿನೇ ತಗೊಳ್ಳಿ, 32 ಬಿಟ್‌ಗೆ 32 ಫುಲ್ ಆ್ಯಡರ್ (ಒಂದು ಬಿಟ್ ಕೂಡೋ ತುಂಡು), ಒಂದೊಂದಕ್ಕೆ ಮಾಮೂಲಿ ಸಿಮಾಸ್ ಅನ್ನೋ ಚಿಪ್ ತಂತ್ರಜ್ಞಾನದಲ್ಲಿ 28 ಟ್ರಾನ್ಸಿಸ್ಟರ್, ಮುಗೀತು. ಕ್ಯಾರಿ, ಅಂದ್ರೆ ಕೂಡುವಾಗ ಮುಂದಿನ ಬಿಟ್‌ಗೆ ಹೋಗೋ 1, ಬೆಣ್ಣೆದೋಸೆ ಅಂಗಡಿ ಕ್ಯೂ ತರ ಒಂದೊಂದೇ ಬಿಟ್ ದಾಟ್ಕೊಂಡು ಹೋಗುತ್ತೆ, ನಿಧಾನ ನಿಜ, ಆದ್ರೆ ತೇವ ಓದೋಕೆ ಏನು ಅವಸರ?

ಗ್ಲಿಚ್ (ಸರಿ ಉತ್ತರ ಬರೋ ಮೊದ್ಲು ಬಿಟ್ ಸುಮ್ನೆ ಮಿಣುಕೋದು) ಒಂದು ನೋಡ್ಕೊಳ್ಳಿ. ಎರಡೂ ಸೊನ್ನೆ ಇದ್ದ ಇನ್‌ಪುಟ್‌ನ 255 + 1 ಮಾಡಿ ವೇವ್‌ಫಾರ್ಮ್ ಝೂಮ್ ಮಾಡಿದ್ರೆ, ಕೊನೆಗೆ 0 ಆಗ್ಬೇಕಾದ 7 ಬಿಟ್ ಮೊದ್ಲು 1 ಆಗಿ, ಕ್ಯಾರಿ ಬಂದ್ಮೇಲೆ ಒಂದೊಂದಾಗಿ ಬೀಳುತ್ತೆ, ಅಷ್ಟೂ ಪವರ್ ದಂಡ.

1973ರ ಕೊಗ್ಗೆ-ಸ್ಟೋನ್ 32 ಬಿಟ್ ಕ್ಯಾರಿನ 5 ಹಂತದಲ್ಲಿ ಮುಗಿಸುತ್ತೆ, ಆದ್ರೆ ವೈರ್ ವಿಪರೀತ, ಕೆಪಾಸಿಟನ್ಸೂ (ಪ್ರತಿ ಸಲ ತುಂಬಿಸ್ಬೇಕಾದ ಚಾರ್ಜ್‌ನ ಹೊರೆ) ಜಾಸ್ತಿ. ಹಂಗಂತ ಬಿಟ್ಟಾಕ್ಬೇಡಿ! ಡೈನಮಿಕ್ ಪವರ್ (ಬಿಟ್ ಬದಲಾಗುವಾಗ ಖರ್ಚಾಗೋದು) ವೋಲ್ಟೇಜ್‌ನ ವರ್ಗದ ಮೇಲೆ ನಿಂತಿರೋದು, ಫಾಸ್ಟ್ ಆ್ಯಡರ್ ಇದ್ರೆ ಅದೇ ಕ್ಲಾಕ್‌ಗೆ ವೋಲ್ಟೇಜ್ ಇಳಿಸ್ಬಹುದು, 1.2 ವೋಲ್ಟ್‌ನಿಂದ 0.9ಕ್ಕೆ ಇಳಿದ್ರೆ ಸುಮಾರು 44% ಪವರ್ ಉಳಿತಾಯ. ಸ್ಪೀಡ್ ಬೇಕೇ ಬೇಕು ಅನ್ನೋರಿಗೆ ನಾನು ಕೊಡೋದು ಬ್ರೆಂಟ್-ಕುಂಗ್ ಅನ್ನೋ ಇನ್ನೊಂದು ಫಾಸ್ಟ್ ಆ್ಯಡರ್, 9 ಹಂತ, ವೈರ್ ಕಮ್ಮಿ.