ಹೆಜ್ಜೆ ಹಾಕಿದಂತೆ ಜಿಗಿಯುವ ಮಾರಿಯೊ: ಟ್ಯಾಗ್ ಹಾಯರ್ ಕನೆಕ್ಟೆಡ್‌ನ ಸೀಮಿತ ಆವೃತ್ತಿ

ಸ್ವಿಟ್ಜರ್ಲೆಂಡಿನ ಗಡಿಯಾರ ಕಂಪನಿ ಟ್ಯಾಗ್ ಹಾಯರ್, ಜಪಾನಿನ ವಿಡಿಯೊ ಗೇಮ್ ಕಂಪನಿ ನಿಂಟೆಂಡೊ ಜೊತೆ ಸೇರಿ, ತನ್ನ ‘ಕನೆಕ್ಟೆಡ್’ ಸ್ಮಾರ್ಟ್‌ವಾಚಿನ ಸೂಪರ್ ಮಾರಿಯೊ ಆವೃತ್ತಿಯನ್ನು 2021ರ ಜುಲೈನಲ್ಲಿ ಹೊರತಂದಿತು. ತಯಾರಾದದ್ದು 2,000 ಮಾತ್ರ. ಆಗಿನ ಬೆಲೆ 2,150 ಅಮೆರಿಕನ್ ಡಾಲರ್. ಅವುಗಳಲ್ಲಿ ಒಂದನ್ನು ಕೊಂಡಿದ್ದ ಗೆಳೆಯರೊಬ್ಬರು ಹತ್ತು ದಿನಗಳ ಮಟ್ಟಿಗೆ ನನ್ನ ಕೈಗೆ ಕೊಟ್ಟಿದ್ದರಿಂದ ಈ ಬರಹ ಸಾಧ್ಯವಾಯಿತು.

ಆಟದ ಪಾತ್ರಗಳ ಹೆಸರಿನಲ್ಲಿ ಬರುವ ಗಡಿಯಾರಗಳಲ್ಲಿ ಬಹುಪಾಲು ಡಯಲ್ ಮೇಲೊಂದು ಚಿತ್ರ ಅಂಟಿಸಿ ಕೈತೊಳೆದುಕೊಂಡಂಥವು. ಇದರ ಹೊರಮೈಯಲ್ಲಿ ಸಂಯಮವಿದೆ. 45 ಮಿಲಿಮೀಟರಿನ ಉಕ್ಕಿನ ಕವಚ, ಆಟದ ಗುರುತುಗಳನ್ನು ಕೊರೆದಿರುವ ಕಪ್ಪು ಸೆರಾಮಿಕ್ ಅಂಚು, ಹಳೆಯ ವಾಚುಗಳಲ್ಲಿ ನಾವು ಕೀ ಕೊಡುತ್ತಿದ್ದ ಬದಿಯ ಗುಂಡಿಯ ಮೇಲೆ ಕೆಂಪು ಬಣ್ಣದೊಂದಿಗೆ ಮಾರಿಯೊ ಟೋಪಿಯ ‘ಎಂ’ ಅಕ್ಷರ. ಜೊತೆಗೆ ಬರುವ ಎರಡು ಬೆಲ್ಟುಗಳಲ್ಲಿ ಕಪ್ಪು ಚರ್ಮದ್ದನ್ನು ಹಾಕಿಕೊಂಡರೆ ಕಚೇರಿಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಕೆಂಪು ರಬ್ಬರಿನದಕ್ಕೆ ಸ್ವಲ್ಪ ಧೈರ್ಯ ಬೇಕು.

ಇದರ ನಿಜವಾದ ಸೊಗಸಿರುವುದು ಪರದೆಯ ಮೇಲೆ. ದಿನದ ಹೆಜ್ಜೆಗಳ ಗುರಿಯಲ್ಲಿ ಕಾಲು, ಅರ್ಧ, ಮುಕ್ಕಾಲು ಭಾಗ ಮುಗಿದಂತೆಲ್ಲ ಮಾರಿಯೊ ಚುರುಕಾಗುತ್ತಾನೆ, ಗುರಿ ಪೂರ್ತಿಯಾದಾಗ, ಆಟದಲ್ಲಿ ಹಂತದ ಕೊನೆಗೆ ಬರುವ ಬಾವುಟದ ಕಂಬ ಮುಟ್ಟುತ್ತಾನೆ. ಒಂದು ರಾತ್ರಿ ಎಣಿಕೆ ಗುರಿಗೆ ತುಸು ಮೊದಲೇ, 9,600ಕ್ಕೆ ನಿಂತಿತ್ತು. ಊಟವಾದ ಮೇಲೆ ತಾರಸಿಗೆ ಹೋಗಿ, ಒಣಹಾಕಿದ್ದ ಬಟ್ಟೆಗಳ ನಡುವೆ ಸುತ್ತು ಹಾಕಿ, ಕಂಬ ಕಂಡ ಮೇಲೆಯೇ ಕೆಳಗಿಳಿದೆ. ನಡೆಯಿರಿ ಎಂದು ವೈದ್ಯರು ಹೇಳಿದಾಗ ಇಷ್ಟು ವಿಧೇಯನಾಗಿದ್ದ ನೆನಪು ನನಗಿಲ್ಲ. 1981ರ ಡಾಂಕಿ ಕಾಂಗ್ ಆಟದಲ್ಲಿ ‘ಜಂಪ್‌ಮ್ಯಾನ್’ ಎಂಬ ಹೆಸರಿನಿಂದ ಕಾಣಿಸಿಕೊಂಡ, 1985ರ ಸೂಪರ್ ಮಾರಿಯೊ ಬ್ರದರ್ಸ್‌ನಲ್ಲಿ ಬಲಕ್ಕೆ ಓಡುತ್ತಲೇ ಇದ್ದ ಈ ಪಾತ್ರಕ್ಕೆ ಓಟವೇ ಸ್ವಭಾವ; ಅವನನ್ನು ಓಡಿಸುವ ಕೆಲಸವನ್ನು ಹೆಬ್ಬೆರಳಿನಿಂದ ಕಾಲಿಗೆ ವರ್ಗಾಯಿಸಿದ್ದು ಜಾಣತನ. ನಿಂಟೆಂಡೊ ಎಂಬ ಹೆಸರನ್ನೇ ಕೇಳದೆ, ಟಿವಿಗೆ ಸಿಕ್ಕಿಸುವ ಅಗ್ಗದ ಪೆಟ್ಟಿಗೆಗೆ ಕ್ಯಾಸೆಟ್ ತುರುಕಿ ಬೇಸಿಗೆ ರಜೆ ಕಳೆದ ನಮ್ಮ ಪೀಳಿಗೆಗೆ ಆ ಕಂಬ ಚೆನ್ನಾಗಿಯೇ ಗೊತ್ತು.

ತಕರಾರು ಇರುವುದು ಆಯಸ್ಸಿನ ಬಗ್ಗೆ. ಒಳಗಿರುವ ಸ್ನ್ಯಾಪ್‌ಡ್ರ್ಯಾಗನ್ ವೇರ್ 3100 ಚಿಪ್ 2018ರದು. ಸ್ಮಾರ್ಟ್‌ವಾಚುಗಳನ್ನು ನಡೆಸುವ ತನ್ನ ವೇರ್ ಓಎಸ್ 3 ತಂತ್ರಾಂಶಕ್ಕೆ ಗೂಗಲ್ 4100 ಸರಣಿಯ ಚಿಪ್ಪನ್ನು ಕನಿಷ್ಠ ಅರ್ಹತೆಯಾಗಿಸಿದ್ದರಿಂದ, ಮಾರಾಟಕ್ಕೆ ಬಂದ ವರ್ಷದಲ್ಲಿಯೇ ಈ ಗಡಿಯಾರದ ಮುಂದಿನ ದಾರಿ ಮುಚ್ಚಿಹೋಯಿತು. ಚಾರ್ಜಿಗೆ ಪ್ರತಿ ರಾತ್ರಿ ಹಾಕಲೇಬೇಕು. ನಮ್ಮ ತಂದೆಯವರ ಎಚ್‌ಎಂಟಿ ಇಂದಿಗೂ ಕೀ ಕೊಟ್ಟರೆ ನಡೆಯುತ್ತದೆ. ಅದಕ್ಕಿಂತ ಎಷ್ಟೋ ಪಟ್ಟು ದುಬಾರಿಯಾದ ಇದರ ಬಗ್ಗೆ ಹತ್ತು ವರ್ಷಗಳ ಭರವಸೆಯನ್ನೂ ನಾನು ಕೊಡಲಾರೆ. ಸೀಮಿತ ಆವೃತ್ತಿ ಎಂದು ಜೋಪಾನ ಮಾಡಬೇಕಾದ ವಸ್ತುವನ್ನು ಬೇಗ ಹಳತಾಗುವ ಯಂತ್ರದ ಮೇಲೆ ಕಟ್ಟಿದ್ದು ನನಗೆ ಒಪ್ಪಿಗೆಯಾಗಲಿಲ್ಲ.

2022ರಲ್ಲಿ ಇದೇ ಕಂಪನಿ ಮಾರಿಯೊ ಕಾರ್ಟ್ ಹೆಸರಿನಲ್ಲಿ ತಂದ 3,000 ಕ್ರೊನೊಗ್ರಾಫ್‌ಗಳು (ಸ್ಟಾಪ್‌ವಾಚ್ ಸೌಲಭ್ಯವಿರುವವು) ಮತ್ತು 250 ಟೂರ್ಬಿಯಾನ್‌ಗಳು (ಸಮಯದ ನಿಖರತೆಗಾಗಿ ಒಳಗೆ ಸುತ್ತುತ್ತಿರುವ ಪಂಜರವಿರುವವು) ಅಪ್ಪಟ ಯಾಂತ್ರಿಕ ಗಡಿಯಾರಗಳು. ಸಂಗ್ರಹಕ್ಕೆಂದು ಕೊಳ್ಳುವವರು ಅವುಗಳತ್ತ ನೋಡುವುದು ಲೇಸು. ಇದನ್ನೇ ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ, ಬ್ಯಾಟರಿ ಬೆಳಗಿನಿಂದ ರಾತ್ರಿಯವರೆಗೆ ಬರುತ್ತದೆಯೇ ಎಂದು ಒಂದು ಇಡೀ ದಿನ ಕಟ್ಟಿಕೊಂಡು ನೋಡಿ, ಆಮೇಲೆ ಹಣ ಕೊಡಿ.